ಹಳೆಯ ಗಣಕಕ್ಕೆ ಮರುಜೀವ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ನಮ್ಮ ಕನ್ನಡ ಶಾಲೆಯ ಲ್ಯಾಪ್‌ಟಾಪ್‌ಗಳು ಇನ್ನೂ ಗಟ್ಟಿಮುಟ್ಟಾಗಿವೆ. ಆದರೆ ವಿಂಡೋಸ್ 11 ಬಯಸುವ ಟಿಪಿಎಂ 2.0 ಅವುಗಳಲ್ಲಿಲ್ಲ. ಮುಕ್ತ ತಂತ್ರಾಂಶ ಸಮುದಾಯದ ಕೊಡುಗೆಯಾದ ರೂಫಸ್‌ನ ನೆರವಿನಿಂದ, ಆ ತಪಾಸಣೆಯನ್ನು ಬದಿಗಿರಿಸುವ ಪೆನ್‌ಡ್ರೈವ್ ಸಿದ್ಧಪಡಿಸಿ ಹೊಸ ಆವೃತ್ತಿಯನ್ನು ಅನುಸ್ಥಾಪಿಸಿದೆವು. ಕನ್ನಡ ಕೀಲಿಮಣೆಯನ್ನೂ ಅಳವಡಿಸಿದೆವು.

ಆದರೆ ಇಂತಹ ಗಣಕಗಳಿಗೆ ಮುಂದಿನ ಪರಿಷ್ಕರಣೆಗಳ ಭರವಸೆಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಆದ್ದರಿಂದ ಅವುಗಳನ್ನು ಮಕ್ಕಳ ಅಕ್ಷರಾಭ್ಯಾಸಕ್ಕಷ್ಟೇ ಮೀಸಲಿಟ್ಟಿದ್ದೇವೆ. ಸಂಘದ ಹಣಕಾಸಿನ ಲೆಕ್ಕವಾಗಲಿ ಸದಸ್ಯರ ವಿವರವಾಗಲಿ ಅಲ್ಲಿಲ್ಲ. ಮನೆಯಲ್ಲಿ ಇದನ್ನು ಕೈಗೊಳ್ಳುವವರು ರೂಫಸ್‌ನ ಅಧಿಕೃತ ಜಾಲತಾಣದಿಂದಲೇ ಅದನ್ನು ಪಡೆಯಬೇಕು. ಅದಕ್ಕೂ ಮೊದಲು ಊರಿನ ಚಿತ್ರಗಳನ್ನೂ ಹಿರಿಯರ ಧ್ವನಿಮುದ್ರಣಗಳನ್ನೂ ಬೇರೆಡೆ ನಕಲಿಸಿಡಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಅಗಲಿದ ಅಜ್ಜಿಯ ಧ್ವನಿಯನ್ನು ಕೊಳ್ಳಲಾಗದು.