ಅರವತ್ತನೇ ಪುಟದ ತನಕ

ಹೆಸರುವಾಸಿಗಳ ಆತ್ಮಕಥೆಯನ್ನು ಮೊದಲ ಪುಟದಿಂದ ಓದಲು ಶುರುಮಾಡಿದವರನ್ನು ನಾನು ಕಂಡಿಲ್ಲ. ಪುಸ್ತಕದ ನಡುವೆ ನುಣುಪು ಕಾಗದದಲ್ಲಿ ಒಂದಿಷ್ಟು ಫೋಟೊಗಳಿರುತ್ತವಲ್ಲ, ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಕೆನ್ನೆಗೆ ದೃಷ್ಟಿಬೊಟ್ಟು ಇಡಿಸಿಕೊಂಡ ಮಗು, ಶಾಲೆಯ ಗ್ರೂಪ್ ಫೋಟೊದಲ್ಲಿ ಎರಡನೇ ಸಾಲಿನ ಎಡದಿಂದ ನಾಲ್ಕನೆಯ ಬೋಳುತಲೆ, ಮದುವೆಯ ಹಾರ, ಕೊನೆಗೆ ರಾಷ್ಟ್ರಪತಿಗಳ ಎದುರು ಬಾಗಿದ ಬೆನ್ನು. ಇಷ್ಟು ನೋಡಿದರೆ ಅರ್ಧ ಪುಸ್ತಕ ಓದಿದಂತೆ. ಉಳಿದರ್ಧಕ್ಕೆ ಕೊನೆಯ ಪುಟಗಳ ಹೆಸರಿನ ಸೂಚಿ ಇದೆ. ಜಗಳವಾಡಿದವರ ಹೆಸರು ಎಷ್ಟು ಕಡೆ ಬಂದಿದೆ, ಪ್ರೀತಿಸಿ ಬಿಟ್ಟವರ ಹೆಸರು ಒಂದು ಕಡೆಯಾದರೂ ಬಂದಿದೆಯೇ ಎಂದು ಹುಡುಕುವಾಗ ನಮ್ಮ ಬೆರಳಿಗೆ ಬರುವ ಚುರುಕು ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಬರಲಾರದು.

ಇಂಥ ಪುಸ್ತಕಗಳನ್ನು ನಾನು ಹೊಸದಾಗಿ ಕೊಳ್ಳುವುದು ಕಡಿಮೆ. ಹೇಗೂ ಅವು ಅವೆನ್ಯೂ ರಸ್ತೆಗೆ ಬಂದೇ ಬರುತ್ತವೆ. ಒಳಪುಟದಲ್ಲಿ ‘ಪ್ರೀತಿಯ ಭಾವನವರಿಗೆ ಹುಟ್ಟುಹಬ್ಬದ ಶುಭಾಶಯಗಳು’ ಎಂಬ ಬರಹ, ಭಾವನವರು ಅದನ್ನು ಮುಟ್ಟಿದ ಗುರುತೇ ಇಲ್ಲದ ಮಿಕ್ಕ ಪುಟಗಳು. ಒಮ್ಮೆ ಅಂಗಡಿಯವನು ಕ್ರಿಕೆಟಿಗರೊಬ್ಬರ ದಪ್ಪ ಪುಸ್ತಕ ಎತ್ತಿ ಕೊಡುತ್ತ, “ತಗೊಳ್ಳಿ ಸಾರ್, ಯಾರೂ ಓದೇ ಇಲ್ಲ, ಹೊಸದಿದ್ದಂಗೇ ಐತೆ” ಎಂದ. ಇಷ್ಟು ಚಿಕ್ಕ, ಇಷ್ಟು ಖಚಿತ ವಿಮರ್ಶೆಯನ್ನು ನಾನು ಯಾವ ಸಾಪ್ತಾಹಿಕ ಪುರವಣಿಯಲ್ಲೂ ಓದಿಲ್ಲ. ಆದರೆ ಅವನ ಮಾತು ಪೂರ್ತಿ ನಿಜವಾಗಿರಲಿಲ್ಲ. ಸುಮಾರು ಅರವತ್ತನೇ ಪುಟದವರೆಗೆ ಹಾಳೆಯ ಅಂಚು ಕಂದಿತ್ತು, ಒಂದೆರಡು ಕಡೆ ಕಾಫಿ ಕಲೆ ಇತ್ತು. ಅಲ್ಲಿಂದಾಚೆಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಅಚ್ಚುಮನೆಯ ವಾಸನೆ ಹಾಗೇ ಉಳಿದಿತ್ತು. ಅರವತ್ತೊಂದನೇ ಪುಟದಲ್ಲಿ ಅಂಥದ್ದೇನಾಗಿದೆ ಎಂದು ನೋಡಿದೆ. ಹುಡುಗ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗಿದ್ದ.

ಅಂದಿನಿಂದ ನನ್ನದೊಂದು ಸಿದ್ಧಾಂತವಿದೆ. ಪ್ರಸಿದ್ಧರಾಗುವ ತನಕ ಒಬ್ಬೊಬ್ಬರ ಬದುಕೂ ಅವರವರದೇ. ಆಮೇಲೆ ಎಲ್ಲರದೂ ವಿಮಾನ, ಹೋಟೆಲು, ಸನ್ಮಾನ, ಮತ್ತೆ ವಿಮಾನ.

ಚಾರ್ಲಿ ಚಾಪ್ಲಿನ್ 1964ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ನಾನು ಇದಕ್ಕೆ ಸಾಕ್ಷಿ ಕರೆಯುತ್ತೇನೆ. ಆಲ್ಡರ್‌ಶಾಟ್ ಎಂಬ ಸೈನಿಕರ ಊರಿನ ರಂಗಮಂದಿರದಲ್ಲಿ ಹಾಡುತ್ತಿದ್ದ ತಾಯಿಯ ಗಂಟಲು ಕೈಕೊಡುತ್ತದೆ. ಜನ ಗೇಲಿ ಮಾಡುತ್ತಾರೆ. ಬೇರೆ ದಾರಿ ಕಾಣದೆ ಐದು ವರ್ಷದ ಮಗನನ್ನು ತಂದು ವೇದಿಕೆಯ ಮೇಲೆ ನಿಲ್ಲಿಸುತ್ತಾರೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಾಣ್ಯಗಳು ಬೀಳತೊಡಗುತ್ತವೆ. ಮಗು ಹಾಡು ನಿಲ್ಲಿಸಿ, ಮೊದಲು ದುಡ್ಡು ಹೆಕ್ಕಿಕೊಳ್ಳುತ್ತೇನೆ, ಹಾಡು ಆಮೇಲೆ ಎಂದು ಸಭೆಗೇ ಹೇಳಿಬಿಡುತ್ತದೆ. ಮ್ಯಾನೇಜರು ಕರವಸ್ತ್ರ ಹಿಡಿದು ಹೆಕ್ಕಲು ನೆರವಾದರೆ, ಈ ಮನುಷ್ಯ ನನ್ನ ದುಡ್ಡು ಹೊಡೆದುಕೊಂಡು ಹೋಗುತ್ತಾನೆಂದು ಅವರ ಬೆನ್ನಿಗೇ ಬೀಳುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ತಾಯಿಯ ರಂಗಬದುಕು ಆ ರಾತ್ರಿಗೆ ಮುಗಿಯುತ್ತದೆ. ನಗು ಮತ್ತು ಅನ್ನ ಎರಡಕ್ಕೂ ಇರುವ ನಂಟನ್ನು ಅವನ ಯಾವ ಸಿನಿಮಾ ಕೂಡ ಇಷ್ಟು ನೇರವಾಗಿ ತೋರಿಸಿಲ್ಲ.

ಇಷ್ಟು ಓದಿ, ಇಂಥ ಹುಡುಗ ಮುಂದೆ ‘ಸಿಟಿ ಲೈಟ್ಸ್’ ಹೇಗೆ ಕಟ್ಟಿದನೋ ಕೇಳೋಣವೆಂದು ಕೂತರೆ, ಚಾಪ್ಲಿನ್ ಸಾಹೇಬರು ಊಟಕ್ಕೆ ಹೊರಟುಬಿಡುತ್ತಾರೆ. ಒಂದು ದಿನ ಚರ್ಚಿಲ್, ಇನ್ನೊಂದು ದಿನ ಐನ್‌ಸ್ಟೈನ್, ನಡುವೆ ಸಿರಿವಂತರು, ರಾಜಮನೆತನದವರು. ಸಿನಿಮಾ ಮಾಡಿದ ಕಷ್ಟಕ್ಕಿಂತ ಊಟಕ್ಕೆ ಕರೆದವರ ಪಟ್ಟಿ ಉದ್ದ. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯನ್ನು ಕಂಡ ಪ್ರಸಂಗ ಮಾತ್ರ ಸೊಗಸಾಗಿದೆ. ಏನು ಮಾತಾಡುವುದೆಂದು ತೋಚದೆ ತಡವರಿಸುವಾಗ ಆಲ್ಡರ್‌ಶಾಟಿನ ಹುಡುಗ ಮತ್ತೆ ಒಂದು ಗಳಿಗೆ ಇಣುಕುತ್ತಾನೆ.

ಸಚಿನ್ ತೆಂಡೂಲ್ಕರ್ ವಿಷಯದಲ್ಲಿ ನನಗಾದದ್ದಕ್ಕೆ ನಿರಾಸೆ ಅನ್ನುವುದಕ್ಕೂ ಮನಸ್ಸಾಗದು. 2013ರ ನವೆಂಬರ್ 16ರಂದು ವಾಂಖೆಡೆ ಕ್ರೀಡಾಂಗಣದಲ್ಲಿ ಹೆಸರುಗಳ ಚೀಟಿ ಹಿಡಿದುಕೊಂಡು ಅವರು ವಿದಾಯದ ಮಾತಾಡಿದಾಗ, ಕ್ರಿಕೆಟ್ ಅಂದರೆ ಮೂಗು ಮುರಿಯುತ್ತಿದ್ದ ನಮ್ಮ ಅತ್ತೆಯವರೂ ಟಿ.ವಿ. ಎದುರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಮರುವರ್ಷ ಬೋರಿಯಾ ಮಜುಂದಾರ್ ಜೊತೆ ಸೇರಿ ಬರೆದ ‘ಪ್ಲೇಯಿಂಗ್ ಇಟ್ ಮೈ ವೇ’ ಬಂತು. ಓದಿದೆ. ಆ ಮೈದಾನದಲ್ಲಿ ಗದ್ಗದಿಸಿದ ಮನುಷ್ಯ ಎಲ್ಲಿ ಹೋದರೋ ಗೊತ್ತಾಗಲಿಲ್ಲ, ಸ್ಕೋರ್‌ಕಾರ್ಡ್ ಮಾತ್ರ ಸಿಕ್ಕಿತು. ಅತ್ತೆಯವರಿಗೆ ಪುಸ್ತಕ ಕೊಡುವ ಧೈರ್ಯವಾಗಲಿಲ್ಲ. ಆದರೂ ಎಳವೆಯ ಪುಟಗಳಲ್ಲಿ ಒಂದು ಸಂಗತಿ ಇದೆ: ಗುರು ರಮಾಕಾಂತ್ ಆಚ್ರೇಕರ್ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಔಟ್ ಮಾಡಿದವನಿಗೆ ಆ ರೂಪಾಯಿ, ಯಾರಿಗೂ ಔಟಾಗದಿದ್ದರೆ ಸಚಿನ್‌ಗೆ. ಹಾಗೆ ಗೆದ್ದ 13 ನಾಣ್ಯಗಳು ಇವತ್ತಿಗೂ ಅವರ ಬಳಿ ಇವೆ. 200 ಟೆಸ್ಟ್, 100 ಅಂತರರಾಷ್ಟ್ರೀಯ ಶತಕ ಒಂದು ತಟ್ಟೆಯಲ್ಲಿಟ್ಟರೆ ನನ್ನ ಪಾಲಿಗೆ ಆ 13 ರೂಪಾಯಿಯ ತಟ್ಟೆಯೇ ಕೆಳಗೆ ಬಾಗುತ್ತದೆ.

ಬೇರೆಯವರ ಕೈಯಲ್ಲಿ ಬರೆಸಿದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ. ಬಾರ್ಕ್ಲಿ ಎಂಬ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ, ತನ್ನದೇ ಆತ್ಮಕಥೆಯಲ್ಲಿ ತನ್ನ ಮಾತನ್ನು ತಪ್ಪಾಗಿ ಉಲ್ಲೇಖಿಸಿದ್ದಾರೆಂದು ದೂರಿದ್ದುಂಟು. ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್, ತಮ್ಮ ಆತ್ಮಕಥೆ ಬಹಳ ಚೆನ್ನಾಗಿದೆಯಂತೆ, ಎಂದಾದರೂ ಓದಬೇಕು ಎಂದು ನಗಿಸಿದ್ದರು. ನಕ್ಕುಬಿಡೋಣ. ಆದರೆ ನಾಯಕನ ತುಟಿಗೆ ಪಿ.ಬಿ. ಶ್ರೀನಿವಾಸರ ದನಿ ಹೊಂದಿಸಿದಾಗ ನಾವು ತಕರಾರು ಮಾಡಿದ್ದುಂಟೆ? ಟೆನಿಸ್ ಆಟಗಾರ ಆಂದ್ರೆ ಅಗಾಸಿಯ ‘ಓಪನ್’ (2009) ಪುಸ್ತಕವನ್ನು ಕಟ್ಟಿಕೊಟ್ಟವರು ಜೆ.ಆರ್. ಮೋರಿಂಗರ್ ಎಂಬ ಪತ್ರಕರ್ತ. ಮುಖಪುಟದಲ್ಲಿ ತನ್ನ ಹೆಸರು ಬೇಡವೆಂದು ಅವರೇ ಹೇಳಿದರಂತೆ. ಆಟದ ಪುಸ್ತಕಗಳಲ್ಲಿ ನಾನು ಓದಿದ ಅತ್ಯಂತ ಒಳ್ಳೆಯದು ಅದೇ. 1990ರ ಫ್ರೆಂಚ್ ಓಪನ್ ಫೈನಲ್. ಅಗಾಸಿಯ ಆ ಜಗದ್ವಿಖ್ಯಾತ ಕೂದಲು ಅಸಲಿಗೆ ವಿಗ್ಗು. ಅದು ಹಿಂದಿನ ರಾತ್ರಿ ಸ್ನಾನ ಮಾಡುವಾಗ ಬಿಚ್ಚಿಕೊಂಡು ಬರುತ್ತದೆ. ಅಣ್ಣನನ್ನು ಕರೆದು ಪಿನ್ನು ಚುಚ್ಚಿಸಿಕೊಂಡು ಅಂಕಣಕ್ಕೆ ಇಳಿದವನು ದೇವರಲ್ಲಿ ಬೇಡುವುದು ಗೆಲುವನ್ನಲ್ಲ, ವಿಗ್ಗು ಬೀಳದಿರಲಿ ಎಂದು. ದೇವರು ಕೇಳಿದ್ದಷ್ಟನ್ನೇ ಕೊಟ್ಟ. ವಿಗ್ಗು ಉಳಿಯಿತು, ಪಂದ್ಯ ಆಂದ್ರೆಸ್ ಗೋಮೆಜ್ ಪಾಲಾಯಿತು. ಪ್ರಸಿದ್ಧಿಯ ನಡುಮಧ್ಯದ ಕಥೆ ಇದು, ನನ್ನ ಸಿದ್ಧಾಂತದ ಪ್ರಕಾರ ಚೆನ್ನಾಗಿರಬಾರದಿತ್ತು. ಚೆನ್ನಾಗಿದೆ, ಯಾಕೆಂದರೆ ಆ ಇಡೀ ಮೈದಾನದಲ್ಲಿ ಒಬ್ಬನೇ ಒಬ್ಬನಿಗೆ ಆತ ಪ್ರಸಿದ್ಧನೆಂಬುದು ಮರೆತುಹೋಗಿತ್ತು.

ಕನ್ನಡದಲ್ಲೂ ಇಂಥ ಒಂದು ಪುಣ್ಯದ ಪುಸ್ತಕವಿದೆ. ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಕಾರಂತರು ಹೇಳಿದ್ದು, ವೈದೇಹಿ ಕೇಳಿಸಿಕೊಂಡು ಬರೆದದ್ದು. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ ಹುಡುಗ, ಅವನನ್ನು ಓದಲು ಕಾಶಿಗೆ ಕಳಿಸಿದ ವೀರಣ್ಣನವರು, ಇವರನ್ನೆಲ್ಲ ಕಾರಂತರು ಎದುರು ಕೂತು ಹೇಳುತ್ತಿದ್ದಾರೆ ಅನಿಸುತ್ತದೆ. ವಾಕ್ಯ ನಡುವೆ ದಾರಿ ತಪ್ಪಿದರೆ ಅದು ಅವರೇ ತಪ್ಪಿದ ದಾರಿ. ಒಂದು ಕತೆ ಮುಗಿಯುವ ಮುಂಚೆ ಇನ್ನೊಂದಕ್ಕೆ ಹಾರುವ ಅವರ ಚಾಳಿಯನ್ನು ವೈದೇಹಿ ತಿದ್ದಲು ಹೋಗಿಲ್ಲ. ಒಳ್ಳೆಯ ಕಥೆಗಾರ್ತಿ ತನ್ನ ಕಥೆಗಾರಿಕೆಯನ್ನು ಪಕ್ಕಕ್ಕಿಟ್ಟು ಕಿವಿಯೊಂದನ್ನೇ ತೆರೆದು ಕೂರುವುದು ಎಷ್ಟು ಕಷ್ಟವೆಂದು ಬರೆಯುವವರಿಗೇ ಗೊತ್ತು. ಹಣ ಕೊಟ್ಟು ಬರೆಸುವವರಿಗೆ ಬೆರಳು ಸಿಗುತ್ತದೆ, ಇಂಥ ಕಿವಿ ಸಿಗುವುದು ಅಪರೂಪ.

ತಾನೇ ಬರೆದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಕೆಲಸದ ಬದುಕಿನ ನೆನಪುಗಳನ್ನು ಪ್ರಕಟಿಸಿದರು. ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತ ಮೇಣದಬತ್ತಿ ಹಚ್ಚಿದ ಕಥೆ ಕೇಳಿ ಬೆಳೆದ ನನ್ನಂಥವನು ಅಲ್ಲಿಗೆ ಹೋದರೆ ಎದುರಾಗುವುದು ಖಡಕವಾಸಲಾದ ಸ್ವಯಂಚಾಲಿತ ಗೇಟುಗಳು, ಏಡನ್ನಿನ ನೀರು ಸರಬರಾಜು, 1908ರ ಮೂಸಿ ನದಿಯ ಪ್ರವಾಹದ ಬಳಿಕದ ಹೈದರಾಬಾದು, ಕನ್ನಂಬಾಡಿ. ಮನೆಯ ವಿಷಯ ಕೇಳಬೇಡಿ. ನಾನು ಕಣ್ಣೀರಿಗೆ ಕರವಸ್ತ್ರ ಸಿದ್ಧಮಾಡಿಕೊಂಡು ಹೋಗಿದ್ದೆ, ಅವರು ನಕ್ಷೆ ಹಾಸಿ ಪಾಠ ಶುರುಮಾಡಿದರು. ಮೊದಲು ಕೋಪ ಬಂತು. ನಿಧಾನವಾಗಿ, ಇದೂ ಒಂದು ಬಗೆಯ ಮರ್ಯಾದೆ ಎನಿಸಿತು. ದಿವಾನಗಿರಿ ಮಾಡಿದ ಮನುಷ್ಯ ತನ್ನನ್ನು ಬಿಟ್ಟು ನೀರಿನ ಬಗ್ಗೆ ಮಾತಾಡುತ್ತಿದ್ದಾರೆ. ಇವತ್ತು ನಲ್ಲಿಗೆ ಪೂಜೆ ಮಾಡಿದವರೂ ತಮ್ಮ ಫೋಟೊ ಹಾಕಿಸಿಕೊಳ್ಳುತ್ತಾರೆ.

ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ಯ ಮೇಲೆ ನನಗೆ ಇನ್ನೂ ಹೆಚ್ಚು ಪ್ರೀತಿ. ಚಿಕ್ಕ ಪುಸ್ತಕ. ಧ್ವನಿಮುದ್ರಿಕೆಗಳು ಬಂದು ಹೆಸರಾಗಿದ್ದ ಗವಾಯಿ, ಮಂಜಿಖಾನರ ಎದುರು ಮತ್ತೆ ಶಿಷ್ಯನಾಗಿ ಕೂರುತ್ತಾರೆ. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ದಿಕ್ಕು ತೋಚದೆ, ಆಮೇಲೆ ಅವರ ತಮ್ಮ ಭುರ್ಜಿಖಾನರ ಬಳಿ ಕಲಿಕೆ ಮುಂದುವರಿಸುತ್ತಾರೆ. ಪ್ರಸಿದ್ಧಿ ಎಂಬುದು ಈ ಪುಸ್ತಕದಲ್ಲಿ ಬಾಗಿಲಾಚೆ ಚಪ್ಪಲಿ ಬಿಡುವ ಜಾಗದಲ್ಲೇ ಉಳಿದಿದೆ. ಒಳಗೆ ಗುರುಗಳು, ರಾಗಗಳು, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮತ್ತೆ ಮತ್ತೆ ಮೋಸಹೋಗಲು ಯಾಕೆ ಸಿದ್ಧನಾಗಿರುತ್ತೇನೆ? ಚಿಕ್ಕಂದಿನಲ್ಲಿ ಕ್ಷೌರದಂಗಡಿಯ ಬೆಂಚಿನ ಮೇಲೆ ‘ವಿಜಯಚಿತ್ರ’, ‘ರೂಪತಾರಾ’ ಓದುತ್ತ ಸರದಿ ಬಂದರೂ ಏಳದೆ ಕೂತ ದಿನಗಳಿಂದ ಈ ರೋಗ ಹತ್ತಿದೆ. ತೆರೆಯ ಮೇಲೆ ಅಷ್ಟೆತ್ತರ ಕಂಡವರು ಬೆಳಿಗ್ಗೆ ಏನು ತಿಂಡಿ ತಿನ್ನುತ್ತಾರೆ, ಹೆಂಡತಿಗೆ ಹೆದರುತ್ತಾರೋ ಇಲ್ಲವೋ, ಪರೀಕ್ಷೆಯಲ್ಲಿ ಫೇಲಾಗಿದ್ದರೋ ಎಂಬುದೇ ಆಗ ದೊಡ್ಡ ಪ್ರಶ್ನೆಗಳಾಗಿದ್ದವು. ಈಗ ಆ ಉತ್ತರಗಳೆಲ್ಲ ದಿನವೂ ಮೊಬೈಲಿನಲ್ಲಿ ಬಂದು ಬೀಳುತ್ತವೆ, ತಿಂಡಿಯ ತಟ್ಟೆಯ ಚಿತ್ರ ಸಮೇತ. ಕುತೂಹಲ ಸತ್ತಿದೆ. ಆದರೂ ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು, ಅವರು ಹೇಳುತ್ತಾ ಹೋದದ್ದನ್ನು ಕೇಳಬೇಕೆಂಬ ಆಸೆ ಸತ್ತಿಲ್ಲ. ಕಾಲಿಂಗ್ ಬೆಲ್ ಒತ್ತಿದರೆ ಸೆಕ್ಯೂರಿಟಿಯವರು ಒಳಗೆ ಬಿಡುವುದಿಲ್ಲ. ಪುಸ್ತಕದ ರಟ್ಟು ತೆಗೆದರೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಅವರ ಬದಲು ಅವರ ಮ್ಯಾನೇಜರು ಬಂದು ಮಾತಾಡಿದಂತಾಗುವುದು ನಮ್ಮ ಹಣೆಬರಹ.

ಜಗಲಿಯಲ್ಲೇ ಕೂರಿಸಿಕೊಂಡು ಮಾತಾಡಿದವರು ಗಿರೀಶ ಕಾರ್ನಾಡರು. ‘ಆಡಾಡತ ಆಯುಷ್ಯ’ದ ಬಾಗಿಲಲ್ಲೇ ಅವರು ನನ್ನ ಸಿದ್ಧಾಂತವನ್ನು ಎಲ್ಲರಿಗಿಂತ ಹಿಂದಕ್ಕೆ ಒಯ್ದುಬಿಡುತ್ತಾರೆ, ತಾವು ಹುಟ್ಟುವ ಮೊದಲಿಗೆ. ಈ ಮಗು ಬೇಡವೆಂದು ತಾಯಿ ಪುಣೆಯ ವೈದ್ಯೆಯೊಬ್ಬರ ಆಸ್ಪತ್ರೆಗೆ ಹೋಗಿ ಕಾದಿದ್ದರಂತೆ. ವೈದ್ಯೆ ಹೊತ್ತಿಗೆ ಬರಲಿಲ್ಲ, ಇವರು ಎದ್ದು ಬಂದರು. ಈ ಮಾತು ಮಗನ ಕಿವಿಗೆ ಬಿದ್ದದ್ದು ಅವನಿಗೆ ನಡುವಯಸ್ಸು ಬಂದ ಮೇಲೆ, ಮನೆಯಲ್ಲಿ ಊಟ ಮಾಡುತ್ತಿದ್ದಾಗ. ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದ್ದಾರೆ. 2011ರಲ್ಲಿ ಬಂದ ಈ ಪುಸ್ತಕ ಅವರ ಬದುಕಿನ ಮೊದಲರ್ಧಕ್ಕೆ ನಿಲ್ಲುತ್ತದೆ. ನನ್ನ ಸಿದ್ಧಾಂತದ ಪ್ರಕಾರ ಅಷ್ಟು ಸಾಕಿತ್ತು. ಆದರೂ ಉಳಿದರ್ಧವನ್ನು, ಆ ವಿಮಾನ, ಹೋಟೆಲು, ಸನ್ಮಾನಗಳನ್ನೆಲ್ಲ ಅವರ ಬಾಯಿಂದಲೇ ಕೇಳಬೇಕೆಂದು ನಾನು ಕಾದಿದ್ದೆ. 2019ರ ಜೂನ್ 10ರಂದು ಕಾರ್ನಾಡರು ತೀರಿಕೊಂಡರು. ಎರಡನೆಯ ಭಾಗ ಬರಲಿಲ್ಲ.