ಆಡಿ ಕಲಿತ ನಾಡು: ವಿಯೆಟ್ನಾಮಿನ ಮಕ್ಕಳ ಆಟ, ಚಿತ್ರ, ಹಾಡು

ವಿಯೆಟ್ನಾಮಿನ ಚಿತ್ರಕಾರ ನ್ಗುಯೆನ್ ಫಾನ್ ಚಾನ್ (1892–1984) 1931ರಲ್ಲಿ ರೇಷ್ಮೆಯ ಮೇಲೆ ಬರೆದ ಒಂದು ಚಿತ್ರ ಆ ದೇಶದ ಆಧುನಿಕ ಕಲೆಯ ಇತಿಹಾಸದಲ್ಲಿ ಮೇಲ್ಪಂಕ್ತಿಯದು. ಹನೋಯ್ ನಗರದಲ್ಲಿ ಫ್ರೆಂಚರು 1925ರಲ್ಲಿ ತೆರೆದ ಇಂಡೋಚೀನಾ ಕಲಾಶಾಲೆಯ ಮೊದಲ ತಂಡದ ವಿದ್ಯಾರ್ಥಿ ಆತ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಗಿ ಹೆಸರು ಪಡೆದ ಆ ಚಿತ್ರದಲ್ಲಿ ಅರಸರಿಲ್ಲ, ದೇವತೆಗಳಿಲ್ಲ, ಯುದ್ಧವಿಲ್ಲ. ಕಂದು ಮಣ್ಣಿನ ಬಣ್ಣಗಳ ನಡುವೆ ನಾಲ್ವರು ಹುಡುಗಿಯರು ನೆಲದಲ್ಲಿ ಕುಳಿತು ಕಲ್ಲಾಡುತ್ತಿದ್ದಾರೆ, ಅಷ್ಟೇ. ಆಟದ ಹೆಸರು ‘ಓ ಆನ್ ಕ್ವಾನ್’. ಅಧಿಕಾರಿಯನ್ನು ನುಂಗುವ ಮನೆಗಳ ಆಟ ಎಂದು ಅದನ್ನು ಸ್ಥೂಲವಾಗಿ ಕನ್ನಡಿಸಬಹುದು.

ಕರಾವಳಿಯ ಚನ್ನೆಮಣೆಯನ್ನೋ ಬಯಲುಸೀಮೆಯ ಅಳಿಗುಳಿಮಣೆಯನ್ನೋ ಬಲ್ಲವರಿಗೆ ಈ ಆಟ ಅಪರಿಚಿತವೆನಿಸದು. ಎರಡು ಸಾಲು ಮನೆಗಳು, ಒಂದೊಂದಾಗಿ ಬಿತ್ತುತ್ತ ಹೋಗುವ ಕಲ್ಲುಗಳು, ಬರಿದಾದ ಮನೆಯ ಆಚೆಗಿನದನ್ನು ಬಾಚಿಕೊಳ್ಳುವ ಹಕ್ಕು. ಆಫ್ರಿಕದಿಂದ ಆಗ್ನೇಯ ಏಷ್ಯದವರೆಗೆ ಹಬ್ಬಿರುವ ಒಂದೇ ಕುಲದ ಆಟಗಳಿವು. ಆದರೆ ವ್ಯತ್ಯಾಸ ಗಮನಾರ್ಹ. ಚನ್ನೆಮಣೆಯ ಹದಿನಾಲ್ಕು ಗುಳಿಗಳೂ ಸಮಾನ. ಸಾಮಾನ್ಯವಾಗಿ ಗುಳಿಗೆ ನಾಲ್ಕರಂತೆ ಇಟ್ಟ ಕಾಯಿಗಳೂ ಸಮಾನ. ವಿಯೆಟ್ನಾಮಿನ ಮಗು ನೆಲದ ಮೇಲೆ ಗೀರುವುದು ಐದೈದರ ಎರಡು ಸಾಲು, ಜತೆಗೆ ಎರಡು ತುದಿಗಳಲ್ಲಿ ಅರ್ಧಚಂದ್ರಾಕಾರದ ಎರಡು ಮನೆ. ಚೌಕಗಳಲ್ಲಿ ಐದೈದು ಪುಟ್ಟ ಕಲ್ಲು. ಅವು ‘ದಾನ್’, ಎಂದರೆ ಪ್ರಜೆಗಳು. ತುದಿಯ ಮನೆಗಳಲ್ಲಿ ಒಂದೊಂದು ದಪ್ಪಕಲ್ಲು. ಅದು ‘ಕ್ವಾನ್’, ಅರಸನ ಅಧಿಕಾರಿ. ಹಲವೆಡೆ ಒಬ್ಬ ಅಧಿಕಾರಿಗೆ ಹತ್ತು ಪ್ರಜೆಗಳ ಬೆಲೆ. ಎರಡು ಅಧಿಕಾರಿಕಲ್ಲುಗಳೂ ಸೆರೆಯಾದಾಗ ಆಟ ಮುಗಿಯಿತು.

ಆಟದ ನಡುವೆ ತನ್ನ ಐದು ಮನೆಗಳೂ ಬರಿದಾದರೆ ಆಟಗಾರ ತಾನು ಗೆದ್ದುಕೊಂಡ ಕಲ್ಲುಗಳಿಂದಲೇ ಮನೆಗೊಂದರಂತೆ ತುಂಬಬೇಕು. ಗೆದ್ದದ್ದು ಸಾಲದಿದ್ದರೆ ಎದುರಾಳಿಯಿಂದ ಸಾಲ ಪಡೆದು ಕೊನೆಯ ಲೆಕ್ಕದಲ್ಲಿ ತೀರಿಸಬೇಕು. ಸುತ್ತ ಸಾಕಷ್ಟು ಪ್ರಜೆಗಳು ಸೇರದ ಅಧಿಕಾರಿಯನ್ನು ‘ಎಳೆಯ ಅಧಿಕಾರಿ’ ಎಂದು ಕರೆದು, ಅವನನ್ನು ನುಂಗುವಂತಿಲ್ಲ ಎನ್ನುವ ಕಟ್ಟಳೆಯೂ ಕೆಲವೆಡೆ ಉಂಟು. ಪ್ರಜೆಗಳಿಲ್ಲದ ಊರು ಆಡಲು ಬಾರದ ಊರು ಎಂಬುದನ್ನು ಏಳು ವರ್ಷದ ಮಗು ಬೆರಳುಗಳಿಂದಲೇ ಅರಿಯುತ್ತದೆ. ಶತಮಾನಗಳ ಕಾಲ ಕನ್‌ಫ್ಯೂಷಿಯನ್ ಪರೀಕ್ಷೆಗಳ ಮೂಲಕ ಅಧಿಕಾರಿಗಳನ್ನು ಆರಿಸಿದ, 1919ರಲ್ಲಿ ಅಂತಹ ಕೊನೆಯ ಪರೀಕ್ಷೆಯನ್ನು ನಡೆಸಿದ ನಾಡಿನ ರಾಜ್ಯಶಾಸ್ತ್ರ ಈ ಹನ್ನೆರಡು ಮನೆಗಳಲ್ಲಿದೆ. ಇದನ್ನೇ ‘ಎಣಿಕೆ ಕಲಿಸುವ ಮೋಜಿನ ಆಟ’ವೆಂದು ಪರಿಚಯಿಸಿ, ದಪ್ಪಕಲ್ಲನ್ನು ಬರಿಯ ‘ದೊಡ್ಡ ಕಾಯಿ’ ಎಂದು ಹೆಸರಿಸಿಬಿಟ್ಟರೆ ಗಣಿತವೇನೋ ಉಳಿಯುತ್ತದೆ, ವಿಯೆಟ್ನಾಂ ಜಾರಿಹೋಗುತ್ತದೆ.

ಇಂತಹ ಜಾರುವಿಕೆ ಚಿತ್ರಗಳ ವಿಷಯದಲ್ಲಿ ಇನ್ನೂ ಸುಲಭ. ಹನೋಯ್‌ಗೆ ಸಮೀಪದ ಬಾಕ್ ನಿನ್ ಪ್ರಾಂತದ ದೋಂಗ್ ಹೋ ಗ್ರಾಮದಲ್ಲಿ ಮರದ ಅಚ್ಚಿನಿಂದ ಒತ್ತಿದ ಚಿತ್ರಗಳು ಹೊಸವರ್ಷದ ಹಬ್ಬಕ್ಕೆ ಮನೆಮನೆಯ ಗೋಡೆಗಳನ್ನು ಅಲಂಕರಿಸುತ್ತಿದ್ದವು. ‘ದೋ’ ಗಿಡದ ತೊಗಟೆಯ ಕಾಗದ. ಅದರ ಮೇಲೆ ಅಕ್ಕಿಗಂಜಿಯಲ್ಲಿ ಕಲಸಿದ ಕಪ್ಪೆಚಿಪ್ಪಿನ ಪುಡಿಯ ಲೇಪ, ಅದರಿಂದ ಬರುವ ನಸುಮಿನುಗು. ಬಿದಿರೆಲೆಯ ಕರಿಯಿಂದ ಕಪ್ಪು, ಕೆಂಗಲ್ಲಿನಿಂದ ಕೆಂಪು, ಹೂವಿನಿಂದ ಹಳದಿ, ನೀಲಿಗಿಡದಿಂದ ನೀಲಿ. ಬಣ್ಣಕ್ಕೊಂದು ಅಚ್ಚು, ಕಪ್ಪು ಗೆರೆಯ ಅಚ್ಚು ಕೊನೆಗೆ. ಮಕ್ಕಳ ಕೈಗೆ ಅಚ್ಚು ಕೊಟ್ಟರೆ, ಗೊಂದಲದ ಬಣ್ಣದ ತೇಪೆಗಳ ಮೇಲೆ ಆ ಕೊನೆಯ ಗೆರೆ ಬಿದ್ದೊಡನೆ ಹಂದಿಯೋ ಹುಂಜವೋ ಎದ್ದು ನಿಲ್ಲುವ ಕ್ಷಣಕ್ಕೆ ಯಾವ ಪಾಠವೂ ಸಾಟಿಯಲ್ಲ.

ಆದರೆ ಹಂದಿ, ಹುಂಜಗಳಲ್ಲೇ ನಿಲ್ಲುವುದು ಅಧ್ಯಾಪಕರ ಅಳುಕು. ಇಲಿಗಳ ಮದುವೆಯ ಪ್ರಸಿದ್ಧ ಚಿತ್ರದಲ್ಲಿ ವರ ಕುದುರೆಯೇರಿದ್ದಾನೆ, ವಧು ಪಲ್ಲಕ್ಕಿಯಲ್ಲಿದ್ದಾಳೆ; ದಿಬ್ಬಣಕ್ಕೆ ತೊಂದರೆಯಾಗದಿರಲೆಂದು ಬೇರೆ ಇಲಿಗಳು ಹಕ್ಕಿಯನ್ನೂ ಮೀನನ್ನೂ ಹೊತ್ತು ಬೆಕ್ಕಿನ ಮುಂದೆ ನಿಂತಿವೆ. ‘ಮುದ್ದಾದ ಇಲಿಗಳು’ ಎಂದಷ್ಟೇ ಹೇಳಿ ಮುಗಿಸಬಹುದು. ಆದರೆ ಮೀನು ಬೆಕ್ಕಿಗೇಕೆ ಎಂದು ಒಂದು ಮಗು ಕೇಳಿಯೇ ಕೇಳುತ್ತದೆ. ಲಂಚವೆಂಬ ಪದ ಆಗ ಬರಲೇಬೇಕು. ಕಪ್ಪೆಗಳ ಶಾಲೆಯ ಚಿತ್ರವಂತೂ ಪಾಠ ಹೇಳುವವರ ಬುಡಕ್ಕೇ ಬರುತ್ತದೆ. ಮುದಿಗಪ್ಪೆ ಮೇಷ್ಟ್ರು ಪೀಠದಲ್ಲಿ ಕುಳಿತಿದ್ದಾನೆ, ಮರಿಗಪ್ಪೆಗಳು ಓದುತ್ತಿವೆ, ಒಂದಕ್ಕೆ ಬೆತ್ತದ ಏಟು ಬೀಳುತ್ತಿದೆ. ಮೇಷ್ಟ್ರನ್ನು ನೋಡಿ ನಗುವ ಚಿತ್ರವನ್ನು ಮೇಷ್ಟ್ರೇ ತರಗತಿಗೆ ತರಬೇಕಾದ ಪ್ರಸಂಗವಿದು.

ಸಂಗ್ರಹ ಮತ್ತು ಕಲಿಕೆಯ ಈ ಸಮಸ್ಯೆಯನ್ನು ಒಂದು ಕುಟುಂಬದ ಎರಡು ತಲೆಮಾರು ಎದುರಿಸಿದ್ದುಂಟು. ನ್ಗುಯೆನ್ ವಾನ್ ಹುಯೆನ್ ಎಂಬ ವಿದ್ವಾಂಸರು ಹುಡುಗ ಹುಡುಗಿಯರು ಎದುರುಬದುರಾಗಿ ಹಾಡುವ ಸವಾಲು-ಜವಾಬಿನ ಹಾಡುಗಳ ಮೇಲೆ 1934ರಲ್ಲಿ ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಮುಂದೆ 1946ರಿಂದ 1975ರಲ್ಲಿ ತೀರಿಕೊಳ್ಳುವವರೆಗೂ ಶಿಕ್ಷಣಮಂತ್ರಿಗಳಾಗಿದ್ದರು. ಜನಪದ ಗೀತೆಯ ಸಂಶೋಧಕನೊಬ್ಬ ಅಷ್ಟು ದೀರ್ಘಕಾಲ ಶಿಕ್ಷಣಖಾತೆಯನ್ನು ನಡೆಸಿದ ನಿದರ್ಶನ ಅಪರೂಪ. 1997ರಲ್ಲಿ ಹನೋಯ್‌ನಲ್ಲಿ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ಅವರ ಮಗ ನ್ಗುಯೆನ್ ವಾನ್ ಹುಯ್. ಆ ಸಂಗ್ರಹಾಲಯ ಇರುವ ರಸ್ತೆಗೆ ತಂದೆಯದೇ ಹೆಸರು. ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯ ಹಬ್ಬದಲ್ಲಿ ಅಲ್ಲಿ ಮಕ್ಕಳು ಅಕ್ಕಿಹಿಟ್ಟಿನ ‘ತೋ ಹೆ’ ಬೊಂಬೆ ಮಾಡುತ್ತಾರೆ, ನಕ್ಷತ್ರದೀಪ ಕಟ್ಟುತ್ತಾರೆ. ಗಾಜಿನ ಪೆಟ್ಟಿಗೆಯ ಈಚೆಗೆ ವಸ್ತುವನ್ನು ತಂದ ಈ ಕ್ರಮ ಜನಪದ ವಸ್ತುಸಂಗ್ರಹಾಲಯಗಳೆಲ್ಲ ಗಮನಿಸಬೇಕಾದದ್ದು.

1975ರ ನಂತರ ಲಕ್ಷಾಂತರ ವಿಯೆಟ್ನಾಮೀಯರು ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಗಳಲ್ಲಿ ನೆಲೆಸಿದರು. ಚರ್ಚು, ಪಗೋಡಗಳ ಆವರಣದಲ್ಲಿ ವಾರಾಂತ್ಯದ ಭಾಷಾತರಗತಿಗಳು ನಡೆಯುತ್ತವೆ. ಅಲ್ಲಿನ ಮಕ್ಕಳಿಗೆ ಲಿಪಿ ಕಷ್ಟವಲ್ಲ, ಅದು ರೋಮನ್ ಲಿಪಿಯೇ. ಕಷ್ಟವಿರುವುದು ಭಾಷಾವಿಜ್ಞಾನಿಗಳು ‘ತಾನ’ ಎಂದು ಕರೆಯುವ ದನಿಯ ಏರಿಳಿತದಲ್ಲಿ. ಉತ್ತರದ ನುಡಿಯಲ್ಲಿ ಇವು ಆರು. ಏರಿಳಿತ ತಪ್ಪಿದರೆ ಪದವೇ ಬೇರೆ. ಇದನ್ನು ಕಪ್ಪುಹಲಗೆಯ ಮೇಲೆ ಕಲಿಸಹೋಗಿ ಸೋತವರಿಗೆ ‘ದೋಂಗ್ ದಾವ್’ ಎಂಬ ಶಿಶುಪ್ರಾಸಗಳು ಒದಗಿಬರುತ್ತವೆ.

‘ಮುಗಿಲೇರುವ ನಾಗ’ ಎಂಬರ್ಥದ ಆಟವೊಂದಿದೆ. ಮುಂದಿನವರ ಅಂಗಿ ಹಿಡಿದು ಮಕ್ಕಳ ಸಾಲು ಹಾವಿನಂತೆ ಹರಿಯುತ್ತ ವೈದ್ಯನ ಮನೆಗೆ ಬರುತ್ತದೆ. ವೈದ್ಯ ಮನೆಯಲ್ಲಿಲ್ಲವೆಂದರೆ ಮತ್ತೊಂದು ಸುತ್ತು. ಇದ್ದರೆ ಮರಿಗೆ ಮದ್ದು ಬೇಕೆಂಬ ಬೇಡಿಕೆ. ಮರಿಗೆಷ್ಟು ವಯಸ್ಸು? ಒಂದು. ಮದ್ದು ನಾಟದು. ಎರಡು. ನಾಟದು. ಹತ್ತಕ್ಕೆ ಬಂದಾಗ ಮದ್ದು ನಾಟುತ್ತದೆ. ಅಷ್ಟರಲ್ಲಿ ಎಣಿಕೆಯೂ ನಾಟಿರುತ್ತದೆ. ಬಳಿಕ ವೈದ್ಯನ ಶುಲ್ಕ. ತಲೆ ಕೇಳಿದರೆ ಬರಿ ಮೂಳೆಯೆಂಬ ಉತ್ತರ, ನಡು ಕೇಳಿದರೆ ಬರಿ ನೆತ್ತರೆಂಬ ಉತ್ತರ. ಬಾಲ ಕೇಳಿದರೆ, ಬೇಕಾದಷ್ಟು ಅಟ್ಟಿಸಿಕೊಂಡು ಬಾ ಎನ್ನುತ್ತದೆ ಹಾವು. ವಿಯೆಟ್ನಾಮೀಯದಲ್ಲಿ ‘ಬಾಲ’ ಮತ್ತು ‘ಅಟ್ಟು’ ಎಂಬೆರಡು ಪದಗಳಿಗೂ ಒಂದೇ ಅಕ್ಷರಗಳು; ಬೇರ್ಪಡಿಸುವುದು ತಾನವೊಂದೇ. ಬಾಲ ಎಂಬಲ್ಲಿ ದನಿ ಸಮನಾಗಿ ನಿಲ್ಲಬೇಕು, ಅಟ್ಟು ಎಂಬಲ್ಲಿ ಬಾಗಬೇಕು. ಕನ್ನಡ ಲಿಪಿಯಲ್ಲಿ ಈ ಭೇದವನ್ನು ಬರೆದು ತೋರಿಸಲಾಗದು.

ಆ ಮಾತು ಬಾಯಿಂದ ಹೊರಬಿದ್ದೊಡನೆ ವೈದ್ಯ ಬಾಲದತ್ತ ನುಗ್ಗುತ್ತಾನೆ, ಹಾವಿನ ತಲೆ ಎರಡೂ ಕೈ ಚಾಚಿ ಅಡ್ಡ ಬರುತ್ತದೆ, ಸಾಲಿನ ಕೊನೆಯಲ್ಲಿರುವ ಅತಿ ಚಿಕ್ಕ ಮಗು ಅಂಗಿಯ ತುದಿ ಬಿಡದೆ ಕೂಗುತ್ತ ಓಡುತ್ತದೆ.