ಶರೀರಭಾರವೂ ನಾವು ಕಲಿತ ಪಾಠವೂ

ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಂಪಾದಕಿಯರು ನಮ್ಮನ್ನು ಕೇಳಿಕೊಂಡರು. ಕಟ್ಟಡ, ಪರೀಕ್ಷಾಫಲ ಮುಂತಾದವುಗಳ ವಿವರವು ವರದಿಯಲ್ಲಿ ಇದ್ದೇ ಇದೆ. ಆದುದರಿಂದ ನಲವತ್ತು ದಾಟಿದ ಮೇಲೆ ನಾವು ಕಲಿತ ಒಂದು ಪಾಠವನ್ನೂ, ಅದರೊಡನೆ ತೀರಿಸಬೇಕಾಗಿರುವ ಒಂದು ಋಣವನ್ನೂ ಪೂರ್ವ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ನಿವೇದಿಸಿಕೊಳ್ಳುತ್ತೇವೆ.

ಸುಮಾರು ಹದಿನೆಂಟು ವರುಷಗಳ ಹಿಂದೆ, ನಾವು ಬೋರ್ಡಿಂಗಿನ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದಾಗ, ಎಂಟನೆಯ ತರಗತಿಯಲ್ಲಿ ಸ್ಥೂಲಕಾಯದ ಒಬ್ಬ ಬಾಲಿಕೆಯಿದ್ದಳು. ಅವಳ ಕತ್ತಿನ ಹಿಂಭಾಗದ ಚರ್ಮವು ಮಖಮಲ್ಲಿನಂತೆ ದಪ್ಪವಾಗಿ ಕಪ್ಪೇರಿತ್ತು. ಅದನ್ನು ಕೊಳೆಯೆಂದು ಬಗೆದು, ಸಾಲಿನಲ್ಲಿ ನಿಂತಿದ್ದ ಎಲ್ಲರೆದುರಿಗೆ, “ಕತ್ತನ್ನು ತಿಕ್ಕಿ ತೊಳೆದುಕೊಂಡು ಬಾ” ಎಂದು ಗದರಿಸಿದೆವು. ಅವಳಿಗೆ ಎರಡನೆಯ ಸಲ ಬಡಿಸಕೂಡದೆಂದು ಅಪ್ಪಣೆ ಮಾಡಿದೆವು. ಸಂಜೆ ಮೈದಾನದ ಸುತ್ತಲೂ ಓಡಿಸಿದೆವು. “ದಿನಾಲೂ ತೊಳೆಯುತ್ತೇನೆ ಟೀಚರ್, ಉಳಿದವರಿಗಿಂತ ಹೆಚ್ಚು ಉಣ್ಣುವುದೂ ಇಲ್ಲ” ಎಂದಳು. ನಾವು ನಂಬಲಿಲ್ಲ.

ಕಾಲಾಂತರದಲ್ಲಿ ನಮ್ಮ ಶರೀರವೇ ಬೆಳೆಯತೊಡಗಿತು. 152 ಸೆಂಟಿಮೀಟರ್ ಎತ್ತರಕ್ಕೆ 74 ಕಿಲೋ ತೂಕ. ತುಪ್ಪವನ್ನೂ ಕರಿದ ಮೀನನ್ನೂ ತ್ಯಜಿಸಿದೆವು. ಬೆಳಗ್ಗೆ ಕುಚ್ಚಲಕ್ಕಿಯ ಗಂಜಿ ಉಪ್ಪಿನಕಾಯಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಚಹದೊಡನೆ ಬಿಸ್ಕತ್ತು, ರಾತ್ರಿ ಪುನಃ ಗಂಜಿ. ಇದನ್ನು ನಾವು ಮಿತಾಹಾರವೆಂದೇ ಎಣಿಸಿದ್ದೆವು. ಆದರೆ ಉಂಡ ಎರಡು ಗಂಟೆಗೆ ಕೈ ನಡುಗುವಷ್ಟು ಹಸಿವು. ತೂಕದಲ್ಲಿ ಮಾತ್ರ ಇಳಿತವಿಲ್ಲ. ಸಹೋದ್ಯೋಗಿನಿಯರು, “ಹೆಡ್ಮಿಸ್ಟ್ರೆಸ್ಸಮ್ಮನವರು ಗುಟ್ಟಾಗಿ ತಿನ್ನುತ್ತಾರೇನೋ” ಎಂದು ನಕ್ಕದ್ದು ನಮ್ಮ ಕಿವಿಗೂ ಬಿತ್ತು.

ಕಡೆಗೆ ವೈದ್ಯರ ಬಳಿಗೆ ಹೋದೆವು. ಅವರು ಮೊದಲು ನೋಡಿದ್ದು ನಮ್ಮ ಕತ್ತನ್ನು. ಅಲ್ಲಿಯೂ ಅದೇ ಕಪ್ಪು! ಅದು ಕೊಳೆಯಲ್ಲವೆಂದೂ, ರಕ್ತದಲ್ಲಿ ಇನ್‌ಸುಲಿನ್ ಮಿತಿಮೀರಿರುವುದಕ್ಕೆ ಬಹುಮಟ್ಟಿಗೆ ಗುರುತೆಂದೂ ಅವರು ತಿಳಿಸಿದಾಗ, ಹದಿನೆಂಟು ವರುಷಗಳ ಹಿಂದಿನ ಆ ಮುಖವು ನಮ್ಮ ಕಣ್ಣೆದುರಿಗೆ ನಿಂತಿತು.

ವೈದ್ಯರು ವಿವರಿಸಿದ್ದು ಹೀಗೆ: ಅನ್ನ, ಗೋಧಿ, ಸಕ್ಕರೆ ಮೊದಲಾದವು ಜೀರ್ಣವಾಗಿ ಗ್ಲೂಕೋಸಾಗಿ ರಕ್ತವನ್ನು ಸೇರುತ್ತವೆ. ಅದನ್ನು ಸ್ನಾಯುಗಳೊಳಗೆ ಬಿಡುವ ಬೀಗದ ಕೈಯೇ ಇನ್‌ಸುಲಿನ್. ಕೆಲವರಲ್ಲಿ ಬೀಗವು ತುಕ್ಕು ಹಿಡಿದಂತಿರುವುದರಿಂದ ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚಾಗಿ ಇನ್‌ಸುಲಿನ್ನನ್ನು ಸುರಿಸಬೇಕಾಗುತ್ತದೆ. ಅದು ಹೆಚ್ಚಿರುವಷ್ಟು ಹೊತ್ತು ಕೊಬ್ಬು ಕರಗುವುದಕ್ಕೆ ತಡೆಯುಂಟು. ಇನ್‌ಸುಲಿನ್ನಿಗೆ ಮಣಿಯುವ ದೇಹವೂ ಮಣಿಯದ ದೇಹವೂ ಬೇರೆಬೇರೆಯೆಂದು ಇಂಗ್ಲೆಂಡಿನ ಹಿಮ್ಸ್‌ವರ್ತ್ ಎಂಬ ವೈದ್ಯರು 1936ರಲ್ಲಿಯೇ ತೋರಿಸಿದ್ದರು. ನಮ್ಮ ದೇಶದಲ್ಲಿ ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರು ಸುಮಾರು 13.6 ಕೋಟಿ ಜನರೆಂದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸುತ್ತದೆ. ಬರಿಹೊಟ್ಟೆಯಲ್ಲಿ 112 ಮಿಲಿಗ್ರಾಂ ಸಕ್ಕರೆಯಿದ್ದ ನಾವೂ ಅವರಲ್ಲಿ ಒಬ್ಬರು.

ಇದನ್ನು ಕೇಳಿ ನಾವು ಸೋಮಾರಿತನಕ್ಕೆ ನೆವವನ್ನು ಹುಡುಕಲಿಲ್ಲ. ವೈದ್ಯರೂ ಅದಕ್ಕೆ ಎಡೆಗೊಡಲಿಲ್ಲ. ಮೊದಲು ಬಸಳೆ, ಹರಿವೆ, ಕಾಳಿನ ಪಲ್ಯ, ಮೀನು ಅಥವಾ ಮೊಟ್ಟೆ; ಕೊನೆಯಲ್ಲಿ ಒಂದೇ ಸೌಟು ಅನ್ನ. ಬೆಳಗಿನ ಗಂಜಿಗೆ ಬದಲು ಬೇಯಿಸಿದ ಹೆಸರುಕಾಳು. ಚಹಕ್ಕೆ ಸಕ್ಕರೆಯಿಲ್ಲ. ಪ್ರತಿ ಊಟದ ತರುವಾಯ ಕಾಲುಗಂಟೆ ನಡಿಗೆ, ಏಕೆಂದರೆ ದುಡಿಯುವ ಸ್ನಾಯುವು ಇನ್‌ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳಬಲ್ಲದು. ಗಂಜಿಯನ್ನು ಬಿಡುವುದು ಕರಾವಳಿಯವರಿಗೆ ಎಷ್ಟು ಕಷ್ಟವೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ನಡುವೆ ಮೂರು ತಿಂಗಳು ತೂಕವು ಕದಲಲೇ ಇಲ್ಲ. ಒಂದು ಮದುವೆಯ ಮನೆಯಲ್ಲಿ ವ್ರತವೂ ಮುರಿಯಿತು.

ಹದಿನಾಲ್ಕು ತಿಂಗಳಲ್ಲಿ ಇಳಿದದ್ದು 5 ಕಿಲೋ ಮಾತ್ರ. ನಾವು ಖಿನ್ನರಾಗಲು, ವೈದ್ಯರು ನಕ್ಕು, “ನೂರಕ್ಕೆ ಏಳು ಪಾಲು ಇಳಿಸಿದಿರಿ, ಅದು ಸಣ್ಣದಲ್ಲ” ಎಂದರು. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಇಷ್ಟನ್ನೇ ಗುರಿಯಾಗಿಟ್ಟುಕೊಂಡು, ವಾರಕ್ಕೆ 150 ನಿಮಿಷ ನಡೆದವರಲ್ಲಿ ಮಧುಮೇಹವು ನೂರಕ್ಕೆ 58ರಷ್ಟು ಕಡಿಮೆಯಾಯಿತಂತೆ. ನಮ್ಮ ಸಕ್ಕರೆಯೂ 98ಕ್ಕೆ ಇಳಿದಿದೆ.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಮಗಳ ಕತ್ತು ಕಪ್ಪಾದರೆ, ಮುಟ್ಟು ಕ್ರಮ ತಪ್ಪಿದರೆ, ನಡು ದಪ್ಪವಾದರೆ ಹಂಗಿಸಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನವನ್ನು ಕಡಿಮೆಮಾಡಬಾರದು. ನಮ್ಮ ಬೋರ್ಡಿಂಗಿನಲ್ಲಿ ಈಗ ಯಾರ ತಟ್ಟೆಯನ್ನೂ ಕುರಿತು ಯಾರೂ ಗಟ್ಟಿಯಾಗಿ ಮಾತನಾಡಕೂಡದೆಂಬ ನಿಯಮವಿದೆ. ಪಲ್ಯದ ಸೌಟು ಅನ್ನದ ಸೌಟಿಗಿಂತ ದೊಡ್ಡದಾಗಿದೆ.

ಆ ಬಾಲಿಕೆಯು ಈಗ ಗೃಹಿಣಿಯೋ ಉದ್ಯೋಗಸ್ಥಳೋ ಅರಿಯೆವು. ಈ ಪುಟವು ಅವಳ ಕೈಸೇರಿದರೆ ಇಷ್ಟನ್ನು ತಿಳಿಯಲಿ: ತಾಯೀ, ನೀನು ಅಂದು ಹೇಳಿದ್ದು ಸತ್ಯ. ನಂಬದೆ ಹೋದ ತಪ್ಪು ನಮ್ಮದು. ಕ್ಷಮಿಸು.